ಸರಳರೇಖೆ, ಕಿರಣ, ರೇಖಾಖಂಡ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನ ಜಿಲ್ಲೆಯಲ್ಲಿ ಗಣಿತ ಹೇಳಿಕೊಡುವವಳು. ರೇಖಾಗಣಿತದ ಪಾಠ ಶುರುವಾದ ವಾರದಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಮಕ್ಕಳು ತರಗತಿಯಲ್ಲಿ ಕೇಳುತ್ತಾರೆ. ಅಮ್ಮಂದಿರು ರಾತ್ರಿ ನೋಟ್‌ಬುಕ್ಕಿನ ಫೋಟೋ ಕಳಿಸಿ ಕೇಳುತ್ತಾರೆ. ಹೊಸದಾಗಿ ಕೆಲಸಕ್ಕೆ ಬಂದ ಶಿಕ್ಷಕರು ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ಕೇಳುತ್ತಾರೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಆರನೇ ತರಗತಿಯವರಿಗೆ, ಕೊನೆಯವು ಪಿಯುಸಿ ಮಕ್ಕಳಿಗೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಳ್ಳಬಹುದು.

## ಶುರುವಿನಲ್ಲಿ

ಮಿಸ್, ಮೂರೂ ನೆಟ್ಟಗೇ ಇವೆ. ಮತ್ತೆ ವ್ಯತ್ಯಾಸ ಏನು?

ತುದಿ. ಅಷ್ಟೇ ವ್ಯತ್ಯಾಸ. ರೇಖಾಖಂಡಕ್ಕೆ ಎರಡು ತುದಿ. ಕಿರಣಕ್ಕೆ ಒಂದೇ ತುದಿ. ಸರಳರೇಖೆಗೆ ತುದಿಯೇ ಇಲ್ಲ. ಈ ತುದಿಗೆ ಪುಸ್ತಕದಲ್ಲಿ ಅಂತ್ಯಬಿಂದು ಎನ್ನುತ್ತಾರೆ.

ಉಳಿದಿದ್ದೆಲ್ಲ ಇದರಿಂದಲೇ ಬರುತ್ತದೆ. ರೇಖಾಖಂಡ ಎರಡೂ ಕಡೆ ನಿಲ್ಲುತ್ತದೆ, ಹಾಗಾಗಿ ಅದನ್ನು ಅಳೆಯಬಹುದು. ಕಿರಣ ಒಂದು ಬಿಂದುವಿನಲ್ಲಿ ಹುಟ್ಟಿ ಒಂದೇ ದಿಕ್ಕಿನಲ್ಲಿ ನಿಲ್ಲದೆ ಹೋಗುತ್ತದೆ. ಸರಳರೇಖೆ ಎರಡೂ ದಿಕ್ಕಿಗೆ ನಿಲ್ಲದೆ ಹೋಗುತ್ತದೆ. ಹೀಗಾಗಿ ಇವೆರಡನ್ನು ಅಳೆಯೋಕೆ ಆಗುವುದಿಲ್ಲ. ನನ್ನ ತರಗತಿಯಲ್ಲಿ ನಾನು ವ್ಯಾಖ್ಯೆ ಬಾಯಿಪಾಠ ಮಾಡಿಸುವುದಿಲ್ಲ. ಚಿತ್ರ ತೋರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: 'ಇದು ಎಲ್ಲೆಲ್ಲಿ ನಿಲ್ಲುತ್ತೆ?'

ಸರಳರೇಖೆ ಅಂದ್ರೆ ಸುಲಭವಾದ ರೇಖೆನಾ?

ಒಬ್ಬ ಹುಡುಗ ಇದನ್ನು ಕೇಳಿದಾಗ ಇಡೀ ತರಗತಿ ನಕ್ಕಿತು. ನನಗೆ ಮಾತ್ರ ತುಂಬಾ ಒಳ್ಳೆಯ ಪ್ರಶ್ನೆ ಅನ್ನಿಸಿತು. ಸರಳ ಭಾಷೆ, ಸರಳ ಮದುವೆ ಅನ್ನುವ ಮಾತುಗಳನ್ನು ಕೇಳಿ ಬೆಳೆದ ಮಗುವಿಗೆ ಬೇರೆ ಏನು ಹೊಳೆಯಬೇಕು? ಇಲ್ಲಿ ಸರಳ ಅಂದರೆ ನೆಟ್ಟಗಿನ, ಸೊಟ್ಟ ಇಲ್ಲದ. ರೇಖೆ ಬಗ್ಗಿದ್ದರೆ ಅದು ವಕ್ರರೇಖೆ.

ಉಳಿದ ಎರಡು ಹೆಸರುಗಳೂ ತಮ್ಮ ಅರ್ಥವನ್ನು ತಾವೇ ಹೇಳುತ್ತವೆ. ಖಂಡ ಅಂದರೆ ತುಂಡು. ರೇಖೆಯಿಂದ ಕತ್ತರಿಸಿ ತೆಗೆದ ತುಂಡೇ ರೇಖಾಖಂಡ. ಕಿರಣ ಬಿಸಿಲಿನಿಂದ ಬಂದ ಮಾತು. ಮಂಜು ಇರುವ ಬೆಳಗ್ಗೆ ಕಾಫಿ ತೋಟದ ಸಿಲ್ವರ್ ಮರಗಳ ಸಂದಿಯಲ್ಲಿ ಬಿಸಿಲುಕೋಲು ಬೀಳುತ್ತದಲ್ಲ, ಅದನ್ನು ನೋಡಿದ ನಮ್ಮ ಕಡೆಯ ಮಕ್ಕಳಿಗೆ ಕಿರಣ ಅಂದರೇನು ಎಂದು ಜಾಸ್ತಿ ಹೇಳಬೇಕಾಗಿಲ್ಲ.

ಸ್ಕೇಲ್ ಇಟ್ಟು ಎಳೆದಿದ್ದೆಲ್ಲ ಸರಳರೇಖೆ ತಾನೆ?

ಅಲ್ಲ. ನೀವು ಎಳೆದ ಗೆರೆ ಎಲ್ಲೋ ಶುರುವಾಗಿ ಎಲ್ಲೋ ಮುಗಿದಿದೆ. ಹಾಳೆಯ ಮೇಲೆ ಇರುವುದು ಯಾವಾಗಲೂ ತುಂಡೇ. ಅದಕ್ಕೇ ತುದಿಗೆ ಬಾಣದ ಗುರುತು ಹಾಕುವುದು. ಬಾಣ ಅಂದರೆ 'ಇಲ್ಲಿಗೆ ಹಾಳೆ ಮುಗಿಯಿತು, ರೇಖೆ ಮುಗಿದಿಲ್ಲ' ಎಂದು. ತುದಿ ಇದೆ ಎಂದು ಹೇಳಬೇಕಾದರೆ ಅಲ್ಲಿ ಚುಕ್ಕಿ ಇಡುತ್ತೇವೆ. ಎರಡೂ ಕಡೆ ಚುಕ್ಕಿ ಇದ್ದರೆ ರೇಖಾಖಂಡ, ಒಂದು ಕಡೆ ಚುಕ್ಕಿ ಇನ್ನೊಂದು ಕಡೆ ಬಾಣ ಇದ್ದರೆ ಕಿರಣ, ಎರಡೂ ಕಡೆ ಬಾಣ ಇದ್ದರೆ ಸರಳರೇಖೆ.

ಇನ್ನೊಂದು ಮಾತು. ಪೆನ್ಸಿಲ್ ಗೆರೆಗೆ ದಪ್ಪ ಇದೆ. ಭೂತಗನ್ನಡಿ ಹಿಡಿದು ನೋಡಿದರೆ ಅದು ಗ್ರಾಫೈಟ್ ಪುಡಿಯ ಪಟ್ಟಿ. ಗಣಿತದ ರೇಖೆಗೆ ದಪ್ಪವೇ ಇಲ್ಲ. ಹಾಳೆಯ ಗೆರೆ ಅದನ್ನು ನೆನಪಿಸುವ ಚಿತ್ರ.

ಎಬಿ ಮೇಲೆ ಒಮ್ಮೆ ಬಾಣ, ಒಮ್ಮೆ ಬರೀ ಗೆರೆ, ಒಮ್ಮೆ ಏನೂ ಇಲ್ಲ. ಯಾಕೆ?

ಎ, ಬಿ ಎಂದರೆ ಗೆರೆಯ ಮೇಲಿನ ಎರಡು ಬಿಂದುಗಳ ಹೆಸರು. ಆ ಅಕ್ಷರಗಳ ತಲೆಯ ಮೇಲಿನ ಗುರುತು ಆ ಆಕಾರದ್ದೇ ಪುಟ್ಟ ಚಿತ್ರ. ಎರಡೂ ಕಡೆ ಬಾಣ ಇದ್ದರೆ ಸರಳರೇಖೆ. ಒಂದೇ ಬಾಣ ಇದ್ದರೆ ಕಿರಣ. ಬಾಣವಿಲ್ಲದ ಅಡ್ಡಗೆರೆ ಇದ್ದರೆ ರೇಖಾಖಂಡ. ಏನೂ ಇಲ್ಲದೆ ಬರೀ ಎಬಿ ಎಂದಿದ್ದರೆ ಸಾಮಾನ್ಯವಾಗಿ ಅದು ಉದ್ದ, ಅಂದರೆ ಒಂದು ಸಂಖ್ಯೆ. 'ಎಬಿ = 5 ಸೆಂ.ಮೀ.' ಎಂದು ಬರೆಯುವುದು ಸರಿ. ತಲೆ ಮೇಲೆ ಎರಡು ಬಾಣ ಹಾಕಿ '= 5 ಸೆಂ.ಮೀ.' ಎಂದು ಬರೆದರೆ ತಪ್ಪು, ಸರಳರೇಖೆಗೆ ಉದ್ದವೇ ಇಲ್ಲವಲ್ಲ.

ಮಗನ ಸ್ಕೇಲಿನ ಸೊನ್ನೆ ಮುರಿದುಹೋಗಿದೆ. ರೇಖಾಖಂಡ ಅಳೆಯೋದು ಹೇಗೆ?

1ರಿಂದ ಅಳೆಯಲಿ. ಇನ್ನೊಂದು ತುದಿ 7ಕ್ಕೆ ಬಂದರೆ ಉದ್ದ 6 ಸೆಂ.ಮೀ. ಹೊಸ ಸ್ಕೇಲ್ ಆಮೇಲೆ ಕೊಡಿಸಿ. ಉದ್ದ ಎಂದರೆ ಎರಡು ತುದಿಗಳ ನಡುವಿನ ವ್ಯತ್ಯಾಸ ಎಂಬುದು ಮುರಿದ ಸ್ಕೇಲಿನಲ್ಲಿ ಚೆನ್ನಾಗಿ ತಲೆಗೆ ಹೋಗುತ್ತದೆ.

ಪುಸ್ತಕದ ಟಾರ್ಚ್ ಉದಾಹರಣೆ ಸಾಕಾಯ್ತು. ನಮ್ಮೂರಿನದು ಏನಾದ್ರೂ ಹೇಳಿ ಮಿಸ್.

ರೇಖಾಖಂಡಗಳು ಎಲ್ಲೆಲ್ಲೂ ಇವೆ. ಜಮೀನಿನ ನಕ್ಷೆಯಲ್ಲಿ ಒಂದು ಸರ್ವೆ ಕಲ್ಲಿನಿಂದ ಇನ್ನೊಂದಕ್ಕೆ ಎಳೆದ ನೇರ ಗಡಿ ರೇಖಾಖಂಡ. ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆ ನೋಡಿದ್ದೀರಲ್ಲ? ಟಿಪ್ಪು ಸುಲ್ತಾನ್ ಕಾಲದ್ದು, 1792ರಲ್ಲಿ ಮುಗಿದದ್ದು. ಮೇಲಿನಿಂದ ತೆಗೆದ ಫೋಟೋದಲ್ಲಿ ಎಂಟು ಮೂಲೆಯ ನಕ್ಷತ್ರದ ಹಾಗೆ ಕಾಣುತ್ತದೆ. ಅಂಥ ನಕ್ಷತ್ರದ ಹೊರಗೆರೆಯನ್ನು ಹಾಳೆ ಮೇಲೆ ಬರೆದು, ಎಷ್ಟು ರೇಖಾಖಂಡ ಬಂತು ಎಂದು ಮಕ್ಕಳಿಂದ ಎಣಿಸಿ. ಬಹಳ ಮಕ್ಕಳು 8 ಅನ್ನುತ್ತಾರೆ. ಒಂದೊಂದು ಮೂಲೆಗೆ ಎರಡೆರಡು ಬದಿ, ಹಾಗಾಗಿ 16.

ಕಿರಣಕ್ಕೆ ಹಾಸನದವರ ಹತ್ತಿರ ಒಂದು ಒಳ್ಳೆಯ ಉದಾಹರಣೆ ಇದೆ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ನಮ್ಮೂರಿನಲ್ಲಿದೆ. ಅಲ್ಲಿನ ದೊಡ್ಡ ಡಿಶ್‌ಗಳು ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳ ಕಡೆ ಮುಖ ಮಾಡಿ ನಿಂತಿವೆ. ಡಿಶ್‌ನಿಂದ ಉಪಗ್ರಹದವರೆಗಿನದು ರೇಖಾಖಂಡ. ಅದೇ ದಿಕ್ಕಿನಲ್ಲಿ ಉಪಗ್ರಹವನ್ನೂ ದಾಟಿ ನಿಲ್ಲದೆ ಹೋಗುವುದನ್ನು ಊಹಿಸಿಕೊಳ್ಳಿ, ಅದು ಕಿರಣ. ಹುಟ್ಟಿದ ಜಾಗ ಹಾಸನ, ಕೊನೆ ಇಲ್ಲ. ಮಕ್ಕಳ ಕಣ್ಣು ಅಗಲವಾಗುವುದು ಇಲ್ಲೇ.

ಸರಳರೇಖೆಗೆ ಮಾತ್ರ ಪೂರ್ತಿ ಹೊಂದುವ ಉದಾಹರಣೆ ನಮ್ಮ ಊರಲ್ಲೂ ಇಲ್ಲ, ಯಾವ ಊರಲ್ಲೂ ಇಲ್ಲ. ಕಣ್ಣಿಗೆ ಕಾಣುವ ಎಲ್ಲಕ್ಕೂ ತುದಿ ಇದೆ. ಸುಮ್ನೆ ಯಾವುದಾದರೊಂದನ್ನು ತೋರಿಸಿ ಇದೇ ಸರಳರೇಖೆ ಎನ್ನುವುದಕ್ಕಿಂತ, ಅದನ್ನು ಮನಸ್ಸಿನಲ್ಲೇ ಎಳೆಯಬೇಕು ಎಂದು ಮಕ್ಕಳಿಗೆ ನೇರವಾಗಿ ಹೇಳುವುದು ಒಳ್ಳೆಯದು.

## ಸಾಮಾನ್ಯವಾಗಿ ಎಡವುವ ಕಡೆ

ಕಿರಣ ಎಬಿ, ಕಿರಣ ಬಿಎ ಎರಡೂ ಒಂದೇ ಅಲ್ವಾ? ರೇಖಾಖಂಡಕ್ಕೆ ಹಾಗೇ ಹೇಳಿಕೊಟ್ರಿ.

ರೇಖಾಖಂಡಕ್ಕೆ ಹೆಸರನ್ನು ಹಿಂದುಮುಂದು ಮಾಡಿದರೂ ನಡೆಯುತ್ತದೆ. ಸರಳರೇಖೆಗೂ ನಡೆಯುತ್ತದೆ. ಕಿರಣಕ್ಕೆ ನಡೆಯುವುದಿಲ್ಲ. ಕಿರಣದ ಹೆಸರಲ್ಲಿ ಮೊದಲು ಬರುವ ಅಕ್ಷರ ಅದು ಹುಟ್ಟಿದ ಜಾಗ, ಎರಡನೆಯದು ಅದು ಹೋಗುವ ದಿಕ್ಕನ್ನು ತೋರಿಸುವ ಗುರುತು. ಕಿರಣ ಎಬಿ ಹೊರಡುವುದು ಎ ಇಂದ, ಬಿ ದಾಟಿ ಮುಂದಕ್ಕೆ. ಕಿರಣ ಬಿಎ ಹೊರಡುವುದು ಬಿ ಇಂದ, ಎ ದಾಟಿ ಆ ಕಡೆಗೆ.

ನನಗೆ ತುಂಬಾ ಇಷ್ಟವಾದದ್ದು ಇದರ ಮುಂದಿನ ಭಾಗ. ಎರಡೂ ಕಿರಣಗಳನ್ನು ಎರಡು ಬಣ್ಣದಲ್ಲಿ ಒಂದೇ ಚಿತ್ರದಲ್ಲಿ ಬರೆಯಿರಿ. ಎರಡೂ ಬಣ್ಣ ಬಿದ್ದ ಜಾಗ ಯಾವುದು? ರೇಖಾಖಂಡ ಎಬಿ. ಎರಡೂ ಸೇರಿ ಮುಚ್ಚಿದ ಜಾಗ ಯಾವುದು? ಸರಳರೇಖೆ ಎಬಿ. ಮೂರೂ ಒಂದೇ ಚಿತ್ರದಲ್ಲಿ ಸಿಕ್ಕಿಬಿಟ್ಟವು. ಒಂದು ಪೀರಿಯಡ್ ಪೂರ್ತಿ ಈ ಚಿತ್ರಕ್ಕೇ ಕೊಟ್ಟರೂ ನಷ್ಟವಿಲ್ಲ.

ರೇಖೆ ಮೇಲೆ ಮೂರು ಬಿಂದು. ಎಷ್ಟು ಕಿರಣ? ಗೈಡಲ್ಲಿ 4 ಅಂತಿದೆ, ಮಗಳು 6 ಅಂತಾಳೆ.

ಇಬ್ಬರೂ ಸರಿ. ಪ್ರಶ್ನೆಯೇ ಸರಿಯಾಗಿ ಕೇಳಿಲ್ಲ. ಎ, ಬಿ, ಸಿ ಅದೇ ಸಾಲಿನಲ್ಲಿ ಇವೆ ಎನ್ನಿ. ಒಂದೊಂದು ಬಿಂದುವಿನಿಂದಲೂ ಎರಡು ದಿಕ್ಕಿಗೆ ಕಿರಣ ಹೊರಡಬಹುದು. ಹಾಗಾಗಿ ಒಟ್ಟು 6. ಆದರೆ ಎ ಇಂದ ಸಿ ಗೆ ವಿರುದ್ಧ ದಿಕ್ಕಿನಲ್ಲಿ ಹೋಗುವ ಕಿರಣದ ಮೇಲೆ ಬೇರೆ ಬಿಂದುವೇ ಇಲ್ಲ, ಅದಕ್ಕೆ ಹೆಸರಿಡೋಕೆ ಆಗುವುದಿಲ್ಲ. ಸಿ ಇಂದ ಹೊರಗೆ ಹೋಗುವುದಕ್ಕೂ ಅದೇ ಕಷ್ಟ. ಕೊಟ್ಟ ಅಕ್ಷರಗಳಿಂದ ಹೆಸರಿಡಬಹುದಾದ ಕಿರಣಗಳು ಮಾತ್ರ ಬೇಕು ಎಂದರೆ 4: ಎಬಿ, ಬಿಎ, ಬಿಸಿ, ಸಿಬಿ. ಎಬಿ ಮತ್ತು ಎಸಿ ಒಂದೇ ಕಿರಣ ಎಂಬುದನ್ನು ಮರೆತು ಎರಡು ಸಲ ಎಣಿಸುವ ಮಕ್ಕಳೂ ಇದ್ದಾರೆ. ಪರೀಕ್ಷೆಯಲ್ಲಿ ಮಗಳು ಎರಡೂ ಉತ್ತರವನ್ನು ಕಾರಣದ ಜೊತೆ ಬರೆಯಲಿ.

ರೇಖಾಖಂಡದ ಎಣಿಕೆಯಲ್ಲಿ ಈ ಗೊಂದಲ ಇಲ್ಲ. ಬಸ್ ಟಿಕೆಟಿನ ಹಾಗೆ ಎಣಿಸಿ. ಹಾಸನ, ಬಾಳ್ಳುಪೇಟೆ, ಸಕಲೇಶಪುರ, ದೋಣಿಗಾಲ್ ಎಂದು ನಾಲ್ಕು ಸ್ಟಾಪ್. ಹಾಸನದಿಂದ ಮುಂದಕ್ಕೆ 3 ಬಗೆಯ ಟಿಕೆಟ್, ಬಾಳ್ಳುಪೇಟೆಯಿಂದ 2, ಸಕಲೇಶಪುರದಿಂದ 1. ಒಟ್ಟು 6. ಒಂದು ರೇಖೆಯ ಮೇಲಿನ ನಾಲ್ಕು ಬಿಂದುಗಳಿಂದ ಸಿಗುವ ರೇಖಾಖಂಡಗಳೂ 6. ಬಿಂದುಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ 2ರಿಂದ ಭಾಗಿಸಿದರೆ ಸಾಕು. ಹತ್ತು ಬಿಂದು ಇದ್ದರೆ 45.

ಕೋನ ಅಂದ್ರೆ ಎರಡು ಕಿರಣ ಅಂತಾರೆ. ಎರಡು ರೇಖಾಖಂಡ ಅಂದ್ರೆ ಏನಾಗುತ್ತೆ?

ಹೊಸ ಶಿಕ್ಷಕರೊಬ್ಬರು ಕೇಳಿದ್ದು. ಬೋರ್ಡಿನ ಮೇಲೆ 40 ಡಿಗ್ರಿಯ ಎರಡು ಕೋನ ಬರೆಯಿರಿ. ಒಂದರ ಬಾಹು ಗೇಣುದ್ದ, ಇನ್ನೊಂದರದ್ದು ಮೊಳದುದ್ದ. ಯಾವುದು ದೊಡ್ಡದು ಎಂದು ಕೇಳಿ. ಬಹಳ ಮಕ್ಕಳು ಉದ್ದ ಬಾಹುವಿನ ಕಡೆ ಕೈ ತೋರಿಸುತ್ತಾರೆ. ಪ್ರತಿ ವರ್ಷ ನೋಡುತ್ತೇನೆ. ಬಾಹುವಿಗೆ ಉದ್ದ ಇದೆ ಎಂದ ತಕ್ಷಣ ಮಗು ಉದ್ದವನ್ನೇ ಹೋಲಿಸುತ್ತದೆ, ಅದು ಅದರ ತಪ್ಪಲ್ಲ.

ಬಾಹುಗಳು ಕಿರಣ ಎಂದರೆ ಆ ದಾರಿಯೇ ಮುಚ್ಚಿಹೋಗುತ್ತದೆ. ಕಿರಣಕ್ಕೆ ಉದ್ದ ಇಲ್ಲ, ಹೋಲಿಸೋಕೆ ಉಳಿಯುವುದು ತಿರುವು ಮಾತ್ರ. ಒಂದು ಕಿರಣವನ್ನು ಶೃಂಗದ, ಅಂದರೆ ಎರಡೂ ಕಿರಣ ಹುಟ್ಟುವ ಬಿಂದುವಿನ, ಸುತ್ತ ಎಷ್ಟು ತಿರುಗಿಸಿದರೆ ಇನ್ನೊಂದರ ಮೇಲೆ ಕೂರುತ್ತದೆ ಎಂಬುದೇ ಕೋನ. ಗಡಿಯಾರದಲ್ಲಿ ಮೂರು ಗಂಟೆಗೆ ಮುಳ್ಳುಗಳ ನಡುವೆ 90 ಡಿಗ್ರಿ. ಕೈಗಡಿಯಾರದಲ್ಲೂ ಅಷ್ಟೇ, ಗೋಡೆ ಗಡಿಯಾರದಲ್ಲೂ ಅಷ್ಟೇ. ತ್ರಿಭುಜದ ಬದಿಗಳು ರೇಖಾಖಂಡಗಳೇ, ಆದರೆ ಅದರ ಮೂಲೆಯ ಕೋನ ಹೇಳುವಾಗ ಆ ಬದಿಗಳನ್ನು ಕಿರಣಗಳಾಗಿ ಮುಂದಕ್ಕೆ ಎಳೆದ ಹಾಗೆ ಅಂದುಕೊಳ್ಳುತ್ತೇವೆ. ಕೋನಮಾಪಕ ಇಟ್ಟಾಗ ಬದಿ ಗಿಡ್ಡವಾಗಿದೆ ಎಂದು ಪೆನ್ಸಿಲ್‌ನಲ್ಲಿ ಉದ್ದ ಮಾಡಿಕೊಳ್ಳುವುದಿಲ್ಲವೇ, ಅದೂ ಇದೇ.

ಎರಡು ಗೆರೆ ಸೇರ್ತಿಲ್ಲ ಅಂದ್ರೆ ಸಮಾಂತರ ಅಂತ ಬರೀಬಹುದಾ?

ಅವು ಒಂದೇ ಸಮತಲದ, ಅಂದರೆ ಹಾಳೆಯ ಹಾಗೆ ಚಪ್ಪಟೆಯಾದ ಒಂದೇ ಮೈಯ, ಸರಳರೇಖೆಗಳಾದರೆ ಬರೆಯಬಹುದು. ಅಂಥ ಎರಡು ಬೇರೆ ಬೇರೆ ಸರಳರೇಖೆಗಳು ಒಂದೇ ಒಂದು ಬಿಂದುವಿನಲ್ಲಿ ಸೇರಬೇಕು, ಇಲ್ಲವೇ ಸಮಾಂತರ ಇರಬೇಕು. ಮೂರನೇ ದಾರಿ ಇಲ್ಲ. ರೇಖಾಖಂಡಗಳಿಗೆ ಮೂರನೇ ದಾರಿ ಇದೆ. ಎರಡು ಬೆಂಕಿಕಡ್ಡಿಗಳನ್ನು ಮೇಜಿನ ಮೇಲೆ ಓರೆಯಾಗಿ, ದೂರ ದೂರ ಇಡಿ. ಸೇರುತ್ತಿಲ್ಲ, ಸಮಾಂತರವೂ ಅಲ್ಲ. ಸೇರುವ ಮೊದಲೇ ತುದಿ ಬಂತು, ಅಷ್ಟೇ. ಎರಡೂ ಕಡ್ಡಿಗಳ ಉದ್ದಕ್ಕೂ ಸ್ಕೇಲ್ ಇಟ್ಟು ಪೂರ್ತಿ ಸರಳರೇಖೆಗಳಾಗಿ ಎಳೆದು ನೋಡಿ, ಆಮೇಲೆ ತೀರ್ಮಾನ ಮಾಡಿ. ಕಿರಣಗಳಿಗೂ ಇದೇ ಮಾತು.

ರೈಲು ಹಳಿಯ ಉದಾಹರಣೆ ಕೊಡುವಾಗ ಸ್ವಲ್ಪ ಜೋಪಾನ. ಬ್ರಾಡ್‌ಗೇಜ್ ಹಳಿಗಳ ನಡುವೆ ಎಲ್ಲ ಕಡೆ 1,676 ಮಿ.ಮೀ. ಅಂತರ ಎನ್ನುವುದು ನಿಜ. ಆದರೆ ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಹಳಿಗಳೇ ಬಾಗುತ್ತವೆ. ಬಾಗಿದ ಕಡೆ ಅಂತರ ಒಂದೇ ಇದ್ದರೂ ಅವು ಸರಳರೇಖೆಗಳಲ್ಲ.

ಸಮತಲ ಒಂದೇ ಇರಬೇಕು ಎಂಬುದನ್ನೂ ಮರೆಯಬೇಡಿ. ಕೆಳಗೆ ರೈಲು ಹಳಿ, ಮೇಲೆ ಅಡ್ಡವಾಗಿ ಸೇತುವೆ. ಎಷ್ಟು ಎಳೆದರೂ ಸೇರುವುದಿಲ್ಲ, ಸಮಾಂತರವೂ ಅಲ್ಲ.

ತೋಟದಲ್ಲಿ ಲೈನ್ ಹಿಡಿಯೋಕೆ ಎರಡು ಗೂಟ ಸಾಕು ಅಂತಾರೆ ಮೇಸ್ತ್ರಿ. ಅದು ಗಣಿತನಾ?

ಗಣಿತವೇ, ಅದೂ ಬಹಳ ಹಳೆಯದು. ಎರಡು ಬಿಂದುಗಳ ಮೂಲಕ ಹೋಗುವ ಸರಳರೇಖೆ ಒಂದೇ ಒಂದು. ಒಂದೇ ಗೂಟ ಇದ್ದರೆ ಹಗ್ಗವನ್ನು ಯಾವ ಕಡೆಗಾದರೂ ಎಳೆಯಬಹುದು. ಎರಡನೇ ಗೂಟ ಹೊಡೆದ ಕೂಡಲೇ ಸಾಲು ನಿಕ್ಕಿಯಾಯಿತು. ಮೂರನೇ ಗೂಟ ಅದೇ ಸಾಲಿಗೆ ಬರಬೇಕಾದರೆ ಮೇಸ್ತ್ರಿ ಒಂದು ಕಣ್ಣು ಮುಚ್ಚಿ, ಮೊದಲ ಗೂಟದ ಹಿಂದೆ ನಿಂತು, ಎರಡನೆಯದರ ಆಚೆಗೆ ನೋಡುತ್ತಾರೆ. ಆ ನೋಟ ಒಂದು ಕಿರಣ.

ಕ್ರಿ.ಪೂ. 300ರ ಸುಮಾರಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ರೇಖಾಗಣಿತವನ್ನು ಕಟ್ಟಲು ಶುರು ಮಾಡಿದ್ದೂ ಇಂಥ ಎರಡು ಮಾತುಗಳಿಂದಲೇ. ಯಾವ ಎರಡು ಬಿಂದುಗಳನ್ನಾದರೂ ನೇರ ಗೆರೆಯಿಂದ ಸೇರಿಸಬಹುದು ಎನ್ನುವುದು ಒಂದು. ಆ ಗೆರೆಯನ್ನು ನೇರವಾಗಿ ಮುಂದಕ್ಕೆ ಬೆಳೆಸಬಹುದು ಎನ್ನುವುದು ಇನ್ನೊಂದು. ಗಮನಿಸಿ, ಅವನು ಶುರು ಮಾಡಿದ್ದು ತುದಿ ಇರುವ ಗೆರೆಯಿಂದ. ನಾವು ಇವತ್ತು ರೇಖಾಖಂಡ ಅನ್ನುವುದನ್ನೇ ಅವನು ನೇರ ರೇಖೆ ಅನ್ನುತ್ತಿದ್ದ. ಕೊನೆಯಿಲ್ಲದ ರೇಖೆ ಅವನಿಗೆ ಬೇಕಾದಾಗ ಬೆಳೆಸಿಕೊಳ್ಳುವ ವಸ್ತು. ಹಗ್ಗ ಹಿಡಿದವರೂ ಯೋಚಿಸುವುದು ಹಾಗೇ. ನಮ್ಮ ದೇಶದಲ್ಲಿ ಯಜ್ಞವೇದಿಗಳನ್ನು ಅಳೆಯುವ ಹಳೆಯ ಲೆಕ್ಕಕ್ಕೆ ಶುಲ್ಬ ಎಂಬ ಹೆಸರಿದೆ, ಶುಲ್ಬ ಅಂದರೆ ಹಗ್ಗ.

ಇಳಿಜಾರು ಜಾಸ್ತಿ ಇರುವ ತೋಟದಲ್ಲಿ ಮಾತ್ರ ಸಾಲು ಗುಡ್ಡದ ಮೈಗೆ ತಕ್ಕಂತೆ ಬಾಗಬೇಕು, ಇಲ್ಲದಿದ್ದರೆ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಅಲ್ಲಿ ಎರಡು ಗೂಟ ಸಾಲುವುದಿಲ್ಲ.

## ಇನ್ನೂ ಮುಂದಕ್ಕೆ

ರೇಖೆ ಅಂದ್ರೆ ಏನು ಅಂತ ಪುಸ್ತಕ ಸರಿಯಾಗಿ ಹೇಳೋದೇ ಇಲ್ಲವಲ್ಲ?

ಯೂಕ್ಲಿಡ್ 'ಅಗಲವಿಲ್ಲದ ಉದ್ದ' ಎಂದ. ಆಗ ಉದ್ದ ಅಂದರೇನು, ಅಗಲ ಅಂದರೇನು ಎಂಬ ಪ್ರಶ್ನೆ ಬರುತ್ತದೆ. ನಿಘಂಟಿನಲ್ಲಿ ಒಂದು ಪದಕ್ಕೆ ಇನ್ನೊಂದು ಪದ ಹುಡುಕುತ್ತಾ ಹೋದ ಹಾಗೆ, ಎಲ್ಲೋ ನಿಲ್ಲಲೇಬೇಕು. 1899ರಲ್ಲಿ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಬಿಂದು, ರೇಖೆ, ಸಮತಲಗಳಿಗೆ ವ್ಯಾಖ್ಯೆ ಕೊಡುವ ಗೋಜಿಗೇ ಹೋಗಲಿಲ್ಲ. ಅವು ಪಾಲಿಸಬೇಕಾದ ನಿಯಮಗಳನ್ನು ಮಾತ್ರ ಬರೆದ. ರೇಖಾಖಂಡ, ಕಿರಣಗಳಿಗೆ ಮಾತ್ರ ವ್ಯಾಖ್ಯೆ ಕೊಡಬಹುದು, 'ನಡುವೆ' ಎಂಬ ಒಂದು ಮಾತು ಗೊತ್ತಿದ್ದರೆ ಸಾಕು. ಎ, ಬಿ ಮತ್ತು ಅವುಗಳ ನಡುವಿನ ಎಲ್ಲ ಬಿಂದುಗಳು ಸೇರಿ ರೇಖಾಖಂಡ.

ಕಿರಣ ಸರಳರೇಖೆಯ ಅರ್ಧ ತಾನೆ?

ಅರ್ಧ ಎನ್ನಬೇಕಾದರೆ ಪೂರ್ತಿ ಎಷ್ಟು ಎಂದು ಗೊತ್ತಿರಬೇಕು. ಸರಳರೇಖೆಗೆ ಉದ್ದ ಇಲ್ಲ, ಆದ್ದರಿಂದ ಮಧ್ಯಬಿಂದುವೂ ಇಲ್ಲ. ಅದರ ಯಾವ ಬಿಂದುವನ್ನು ಹಿಡಿದರೂ ಎರಡು ಕಡೆಗೆ ಎರಡು ಕಿರಣ ಸಿಗುತ್ತವೆ. ಯಾವ ಕಿರಣವೂ ಇನ್ನೊಂದಕ್ಕಿಂತ ಗಿಡ್ಡ ಅಲ್ಲ. ರೇಖೆಯನ್ನು ಎರಡು ಭಾಗ ಮಾಡಿದ್ದು ನಿಜ, ಅಳತೆಯಲ್ಲಿ ಅರ್ಧ ಮಾಡಿದ್ದಲ್ಲ.

6 ಸೆಂ.ಮೀ. ಗೆರೆಯಲ್ಲಿ 3 ಸೆಂ.ಮೀ. ಗೆರೆಗಿಂತ ಬಿಂದುಗಳು ಜಾಸ್ತಿ ಇರಬೇಕಲ್ವಾ?

ಇಲ್ಲ, ಎರಡರಲ್ಲೂ ಅಷ್ಟೇ! ನಾನು ಓದುವಾಗ ಇದನ್ನು ಕೇಳಿ ಎರಡು ದಿನ ನಂಬಿರಲಿಲ್ಲ. ಎಣಿಸಿ ಮುಗಿಸೋಕೆ ಆಗದ ಕಡೆ ಹೋಲಿಸುವುದು ಹೇಗೆ? ಜೋಡಿ ಮಾಡಿ. ಮದುವೆ ಮನೆಯಲ್ಲಿ ಪ್ರತಿ ಎಲೆಯ ಮುಂದೆ ಒಬ್ಬರು ಕೂತಿದ್ದರೆ, ಒಂದು ಎಲೆಯೂ ಖಾಲಿ ಇಲ್ಲದಿದ್ದರೆ, ಯಾರೂ ನಿಂತಿಲ್ಲದಿದ್ದರೆ, ಎಲೆ ಎಷ್ಟೋ ಜನ ಅಷ್ಟೇ. ಎಣಿಸಬೇಕಾಗಿಲ್ಲ.

ಈಗ 3 ಸೆಂ.ಮೀ. ಗೆರೆಯನ್ನು ಮೇಲೆ, 6 ಸೆಂ.ಮೀ. ಗೆರೆಯನ್ನು ಅದಕ್ಕೆ ಸಮಾಂತರವಾಗಿ ಕೆಳಗೆ ಎಳೆಯಿರಿ. ಎಡ ತುದಿಗಳನ್ನು ಒಂದು ಗೆರೆಯಿಂದ, ಬಲ ತುದಿಗಳನ್ನು ಇನ್ನೊಂದರಿಂದ ಸೇರಿಸಿ ಮೇಲಕ್ಕೆ ಬೆಳೆಸಿ. ಎರಡೂ ಒಂದು ಬಿಂದುವಿನಲ್ಲಿ ಸೇರುತ್ತವೆ. ಅಲ್ಲಿ ಒಂದು ದೀಪ ಇದೆ ಎಂದುಕೊಳ್ಳಿ. ದೀಪದಿಂದ ಹೊರಟ ಪ್ರತಿ ಕಿರಣ ಮೇಲಿನ ಗೆರೆಯ ಒಂದು ಬಿಂದುವನ್ನು ದಾಟಿ ಕೆಳಗಿನ ಗೆರೆಯ ಒಂದು ಬಿಂದುವಿಗೆ ಬೀಳುತ್ತದೆ. ಒಂದಕ್ಕೆ ಒಂದು, ಯಾವುದೂ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಬೆರಗು ಮುಂದಿದೆ. ಪುಟ್ಟ ರೇಖಾಖಂಡವನ್ನು ಅರ್ಧವೃತ್ತದ ಬಟ್ಟಲಿನ ಹಾಗೆ ಬಗ್ಗಿಸಿ ಸರಳರೇಖೆಯ ಮೇಲೆ ಕೂರಿಸಿ. ದೀಪವನ್ನು ಬಟ್ಟಲಿನ ಬಾಯಿಯ ನಡುವೆ, ವೃತ್ತದ ಕೇಂದ್ರದಲ್ಲಿಡಿ. ಕಿರಣಗಳು ಬಟ್ಟಲನ್ನು ದಾಟಿ ಸರಳರೇಖೆಗೆ ಬೀಳುತ್ತವೆ. ಅಂಚಿನ ಹತ್ತಿರ ಹೋದಷ್ಟೂ ಬೀಳುವ ಜಾಗ ದೂರ ದೂರ. ಎರಡು ತುದಿಗಳನ್ನು ಬಿಟ್ಟರೆ ಬಟ್ಟಲಿನ ಪ್ರತಿ ಬಿಂದುವಿಗೂ ರೇಖೆಯ ಒಂದು ಬಿಂದು ಜೋಡಿ. ಬೆರಳುದ್ದದ ತುಂಡಿನಲ್ಲೂ ಕೊನೆಯಿಲ್ಲದ ರೇಖೆಯಲ್ಲೂ ಬಿಂದುಗಳು ಅಷ್ಟೇ. ಹೀಗೆ ಜೋಡಿ ಮಾಡಿ ಅನಂತಗಳನ್ನು ಹೋಲಿಸುವ ಗಣಿತವನ್ನು 1870ರ ದಶಕದಲ್ಲಿ ಕಟ್ಟತೊಡಗಿದವನು ಜಾರ್ಜ್ ಕ್ಯಾಂಟರ್. ಉದ್ದ ಬೇರೆ, ಬಿಂದುಗಳ ಲೆಕ್ಕ ಬೇರೆ ಎಂದು ಅಲ್ಲಿ ಸ್ಪಷ್ಟವಾಯಿತು.

ಪಿಯುಸಿಯಲ್ಲಿದ್ದೀನಿ. ಮೂರಕ್ಕೂ ಸೇರಿ ಒಂದೇ ಸೂತ್ರ ಇದೆಯಾ?

ಇದೆ. ಎ ಅನ್ನು (1, 2) ಎಂದೂ, ಬಿ ಅನ್ನು (4, 3) ಎಂದೂ ಇಟ್ಟುಕೊಳ್ಳಿ. ಎ ಇಂದ ಬಿ ಗೆ ಹೋಗಲು ಬಲಕ್ಕೆ 3, ಮೇಲಕ್ಕೆ 1. ಈ ನಡಿಗೆಯ 'ಟಿ' ಪಾಲು ನಡೆದರೆ ನಾವಿರುವ ಜಾಗ (1 + 3ಟಿ, 2 + ಟಿ). ಟಿ ಸೊನ್ನೆ ಆದರೆ ಎ, ಒಂದು ಆದರೆ ಬಿ, ಅರ್ಧ ಆದರೆ ಮಧ್ಯಬಿಂದು (2.5, 2.5).

ಟಿ ಗೆ ಎಷ್ಟು ಸ್ವಾತಂತ್ರ್ಯ ಕೊಡುತ್ತೀರಿ ಎಂಬುದೇ ಮೂರರ ವ್ಯತ್ಯಾಸ. ಟಿ 0ಯಿಂದ 1ರ ಒಳಗೇ ಇರಬೇಕು ಎಂದರೆ ರೇಖಾಖಂಡ. 0 ಅಥವಾ ಅದಕ್ಕಿಂತ ಹೆಚ್ಚು ಎಷ್ಟಾದರೂ ಇರಲಿ ಎಂದರೆ ಕಿರಣ ಎಬಿ. ಋಣ ಸಂಖ್ಯೆಯೂ ಇರಲಿ ಎಂದರೆ ಸರಳರೇಖೆ. (10, 5) ಎಲ್ಲಿದೆ? ಟಿ = 3 ಬರುತ್ತದೆ. ಹಾಗಾದರೆ ಕಿರಣದ ಮೇಲಿದೆ, ರೇಖಾಖಂಡದ ಮೇಲಿಲ್ಲ. (−5, 0) ಗೆ ಟಿ = −2. ಅದು ಸರಳರೇಖೆಯ ಮೇಲೆ ಮಾತ್ರ ಇದೆ.

ಭೂಮಿ ಗುಂಡಗಿದೆ. ಹಾಗಾದ್ರೆ ನೆಲದ ಮೇಲೆ ಈ ಮೂರೂ ಇರೋಕೆ ಸಾಧ್ಯನಾ?

ಗೋಳದ ಮೇಲೆ ನಿಜವಾಗಿ ನೇರವಾದದ್ದು ಇಲ್ಲ. ಎಡಕ್ಕೂ ಬಲಕ್ಕೂ ತಿರುಗದೆ ಸೀದಾ ಹೋಗುವ ದಾರಿ ಮಾತ್ರ ಇದೆ. ಅದಕ್ಕೆ ಮಹಾವೃತ್ತ ಎಂದು ಹೆಸರು. ಸಮಭಾಜಕ ಒಂದು ಮಹಾವೃತ್ತ. ರೇಖಾಖಂಡದ ಜಾಗಕ್ಕೆ ಅದರ ತುಂಡು ಬರುತ್ತದೆ. ಹಾಸನದಿಂದ ದೆಹಲಿಗೆ ಗೋಳದ ಮೇಲೆ ಅತಿ ಹತ್ತಿರದ ದಾರಿ ಅಂಥ ತುಂಡೇ.

ಉಳಿದ ಎರಡು ಮಾತ್ರ ಗುರುತೇ ಸಿಗದಷ್ಟು ಬದಲಾಗುತ್ತವೆ. ಇಲ್ಲಿ ಸಮಾಂತರ ಎಂಬುದೇ ಇಲ್ಲ, ಯಾವ ಎರಡು ಮಹಾವೃತ್ತಗಳೂ ಸೇರಿಯೇ ಸೇರುತ್ತವೆ. ಸಮಭಾಜಕದಲ್ಲಿ ಅಕ್ಕಪಕ್ಕ ನೆಟ್ಟಗೆ ಹೊರಟ ಎರಡು ರೇಖಾಂಶಗಳು ಧ್ರುವದಲ್ಲಿ ಸೇರುವ ಹಾಗೆ. ಕಿರಣವೂ ಕಿರಣವಾಗಿ ಉಳಿಯುವುದಿಲ್ಲ. ಹಾಸನದಿಂದ ಯಾವ ದಿಕ್ಕಿಗೆ ಸೀದಾ ಹೊರಟರೂ ಸುಮಾರು 40,000 ಕಿ.ಮೀ. ಸುತ್ತಿ, ಬೆನ್ನ ಹಿಂದಿನಿಂದ ಮತ್ತೆ ಹಾಸನಕ್ಕೇ ಬರುತ್ತದೆ.